ಕಾರು ಅತಿಥಿಯಾಗಿರುವ ಬೀದಿ

ಆಮ್‌ಸ್ಟರ್‌ಡ್ಯಾಮಿನ ಕೇಂದ್ರ ರೈಲು ನಿಲ್ದಾಣದಿಂದ ಹೊರಗೆ ಕಾಲಿಟ್ಟ ಪರದೇಶದ ಪ್ರವಾಸಿಗನು ಮೊದಲ ಅರ್ಧ ಗಂಟೆಯೊಳಗಾಗಿ ಯಾರಿಂದಲಾದರೂ ಗದರಿಸಿಕೊಳ್ಳುವುದು ಬಹುಮಟ್ಟಿಗೆ ಖಂಡಿತ. ಗದರಿಸುವವರು ಪೋಲೀಸಿನವರಲ್ಲ, ಕಾರಿನವರೂ ಅಲ್ಲ. ಬೆನ್ನ ಹಿಂದೆ ಗಂಟೆ ಗಣಗಣಿಸುತ್ತದೆ. ತಿರುಗಿ ನೋಡುವಷ್ಟರಲ್ಲಿ ಅರವತ್ತು ದಾಟಿದ ಗೃಹಿಣಿಯೊಬ್ಬರು ಸೈಕಲ್ಲಿನ ಹಿಡಿಗೆ ತರಕಾರಿಯ ಚೀಲವನ್ನು ತೂಗುಹಾಕಿಕೊಂಡು ಭುಜಕ್ಕೆ ಭುಜ ತಾಕುವಷ್ಟು ಸಮೀಪದಿಂದ ಬಾಣದಂತೆ ಹಾದುಹೋಗುತ್ತಾರೆ. ಹೋಗುತ್ತ ಹೋಗುತ್ತ ಡಚ್ ಭಾಷೆಯಲ್ಲಿ ಎರಡು ಮಾತು ಆಡುತ್ತಾರೆ. ಭಾಷೆ ತಿಳಿಯದಿದ್ದರೂ ಅರ್ಥ ತಿಳಿಯುತ್ತದೆ. ಪ್ರವಾಸಿಗನು ತಾನು ನಿಂತ ನೆಲವನ್ನು ಆಗ ನೋಡಿಕೊಂಡರೆ, ಅದು ಕೆಂಪು ಬಣ್ಣದ ಡಾಂಬರು. ಆ ದೇಶದಲ್ಲಿ ಕೆಂಪು ನೆಲವೆಂದರೆ ಸೈಕಲ್ಲಿನ ನೆಲ. ಅಲ್ಲಿ ನಿಂತು ಊರಿನ ಗೋಪುರಗಳನ್ನು ನೋಡುತ್ತ ಬೆರಗಾಗುವುದು, ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು ಹರಟೆ ಹೊಡೆದಂತೆ.

ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಹೋದವರಿಗೆ ಇನ್ನೊಂದು ತೊಡಕೂ ಉಂಟು. ಹಾಲೆಂಡಿನಲ್ಲಿ ವಾಹನಗಳು ರಸ್ತೆಯ ಬಲಮಗ್ಗುಲಲ್ಲಿ ಸಂಚರಿಸುತ್ತವೆ. ಬಾಲ್ಯದಿಂದ ಬಲಕ್ಕೆ ನೋಡಿ ರಸ್ತೆಗೆ ಇಳಿದವರು ಅಲ್ಲಿ ಎಡಕ್ಕೆ ನೋಡಬೇಕು. ಮೊದಲು ಸೈಕಲ್ಲಿನ ಹಾದಿ, ಅನಂತರ ಕಾರಿನ ಹಾದಿ, ನಡುವೆ ಟ್ರಾಮಿನ ಕಂಬಿ, ಮತ್ತೆ ಕಾರು, ಮತ್ತೆ ಸೈಕಲ್ಲು: ಒಂದು ಬೀದಿಯನ್ನು ದಾಟುವುದರಲ್ಲಿ ಐದು ಹೊಳೆಗಳನ್ನು ದಾಟಿದ ಅನುಭವವಾಗುತ್ತದೆ. ಸೈಕಲ್ಲೇರಿದವರಿಗೂ ಕಷ್ಟ ತಪ್ಪಿದ್ದಲ್ಲ. ಟ್ರಾಮಿನ ಕಂಬಿಯ ಸಂದಿಯಲ್ಲಿ ಮುಂದಿನ ಚಕ್ರ ಸಿಕ್ಕಿಕೊಂಡರೆ ಸವಾರನು ನೆಲಕ್ಕುರುಳಿದನೆಂದೇ ಲೆಕ್ಕ. ಕಂಬಿಯನ್ನು ಓರೆಯಾಗಿ ದಾಟಬೇಕೆಂಬುದು ಆ ಊರಿನ ಮಕ್ಕಳಿಗೆ ಅಕ್ಷರಾಭ್ಯಾಸಕ್ಕಿಂತ ಮುಂಚಿನ ಪಾಠ.

ಆ ರೈಲು ನಿಲ್ದಾಣದ ಎದುರಿಗಿರುವ ನೀರಿನ ಕೆಳಗೇ ಒಂದು ಅದ್ಭುತವಿದೆ. ನೀರನ್ನು ಬತ್ತಿಸಿ, ತಳದಲ್ಲಿ ಒಂದು ವಿಶಾಲವಾದ ಮಂಟಪವನ್ನು ಕಟ್ಟಿ, ಮತ್ತೆ ನೀರು ತುಂಬಿಸಿದ್ದಾರೆ. 2023ರ ಜನವರಿಯಲ್ಲಿ ತೆರೆದ ಈ ಪಾತಾಳಗೃಹದಲ್ಲಿ 7,000 ಸೈಕಲ್ಲುಗಳು ನಿಲ್ಲಬಲ್ಲವು. ಮುಂದಿನ ತಿಂಗಳಲ್ಲಿಯೇ ನಿಲ್ದಾಣದ ಹಿಂಭಾಗದಲ್ಲಿ ಇನ್ನೂ 4,000 ಸೈಕಲ್ಲುಗಳಿಗೆ ಸ್ಥಳವಾಯಿತು. ಹಿಂಬದಿಯ ಐ ಎಂಬ ಜಲಭಾಗವನ್ನು ದಾಟಿಸುವ ದೋಣಿಗಳು ಪಾದಚಾರಿಗಳಿಂದಲೂ ಸೈಕಲ್ ಸವಾರರಿಂದಲೂ ಕಾಸು ಕೇಳುವುದಿಲ್ಲ. ಕಾರಿಗೆ ಅವುಗಳಲ್ಲಿ ಪ್ರವೇಶವೇ ಇಲ್ಲ. 2010ರಿಂದ 2024ರವರೆಗೆ ಆ ದೇಶದ ಪ್ರಧಾನಿಯಾಗಿದ್ದ ಮಾರ್ಕ್ ರುಟ್ಟೆಯವರು ಕಚೇರಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಚಿತ್ರಗಳನ್ನು ಲೋಕವೆಲ್ಲ ನೋಡಿದೆ. ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳಿಂದ ವರ್ಷಕ್ಕೆ ಹನ್ನೆರಡರಿಂದ ಹದಿನೈದು ಸಾವಿರ ಸೈಕಲ್ಲುಗಳನ್ನು ಕೊಕ್ಕೆಯಿಂದ ಮೇಲೆತ್ತಬೇಕಾಗುತ್ತದೆಯೆಂದರೆ, ನೀರಿಗೆ ಬೀಳದೆ ಉಳಿದವು ಎಷ್ಟಿರಬಹುದೆಂದು ಓದುಗರೇ ಊಹಿಸಿಕೊಳ್ಳಬಹುದು.

ಇದನ್ನೆಲ್ಲ ಕಂಡು ಬಂದವರು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: “ಅದು ಚಪ್ಪಟೆ ದೇಶ, ಏರಿಲ್ಲ ಇಳಿತವಿಲ್ಲ, ಅಲ್ಲಿಯ ಜನರ ಸ್ವಭಾವವೂ ಶಾಂತ, ಸೈಕಲ್ಲು ಅವರ ರಕ್ತದಲ್ಲಿಯೇ ಇದೆ.” ಕೇಳುವುದಕ್ಕೆ ಸೊಗಸಾದ ಮಾತು, ಆದರೆ ಅರ್ಧ ಮಾತ್ರ ನಿಜ. ನೆಲ ಚಪ್ಪಟೆಯಾಗಿರುವುದೇನೋ ಸರಿ. ಆದರೆ 1960ರಲ್ಲಿಯೂ ಅದು ಚಪ್ಪಟೆಯಾಗಿಯೇ ಇತ್ತು. ಆಗ ಅದೇ ನೆಲದ ಮೇಲೆ ಸೈಕಲ್ಲು ಅಂಗುಲ ಅಂಗುಲವಾಗಿ ಹಿಂದೆ ಸರಿಯುತ್ತಿತ್ತು. ಇಂದು ಕಾಣುವ ಕೆಂಪು ಹಾದಿಯಲ್ಲಿ ಜಗಳವಾಡದೆ ಸಿಕ್ಕಿದ ಭಾಗ ತೀರ ಕಡಿಮೆ.

ಕಾಲುವೆಗೆ ಬಂದ ಕಂಟಕ

ಎರಡನೆಯ ಮಹಾಯುದ್ಧ ಮುಗಿದು ಹತ್ತು ಹದಿನೈದು ವರ್ಷಗಳಲ್ಲಿ ಹಾಲೆಂಡಿನವರ ಕೈಯಲ್ಲಿ ಹಣ ಓಡಾಡತೊಡಗಿತು. ಹಣದ ಹಿಂದೆಯೇ ಕಾರು ಬಂದಿತು. ಹದಿನೇಳನೆಯ ಶತಮಾನದ ವರ್ತಕರು ದೋಣಿಗಾಗಿ, ಕೈಗಾಡಿಗಾಗಿ, ಕಾಲ್ನಡಿಗೆಗಾಗಿ ಕಟ್ಟಿದ ಊರು ಅದು. ಕಾಲುವೆಯ ದಂಡೆಯ ಮೇಲೆ ಎರಡು ಕಾರುಗಳು ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು. ಊರಿಗೆ ತಕ್ಕಂತೆ ಕಾರನ್ನು ಅಂಕೆಯಲ್ಲಿಡುವುದಕ್ಕೆ ಬದಲು, ಕಾರಿಗೆ ತಕ್ಕಂತೆ ಊರನ್ನು ಕತ್ತರಿಸಬೇಕೆಂದು ಆ ಕಾಲದ ದೊಡ್ಡವರಿಗೆ ತೋರಿತು. 1954ರಲ್ಲಿ ನಗರದ ಪೋಲೀಸ್ ಮುಖ್ಯಾಧಿಕಾರಿಯಾಗಿದ್ದ ಹೆಂಡ್ರಿಕ್ ಕಾಸ್‌ಯಾಗರ್ ಎಂಬವರು ಕೆಲವು ಕಾಲುವೆಗಳನ್ನು ಮಣ್ಣು ತುಂಬಿಸಿ ಮುಚ್ಚಿ ರಸ್ತೆ ಮಾಡಬೇಕೆಂದು ಯೋಜನೆ ಹಾಕಿದರು. ಜನರು ದೊಡ್ಡ ಗಲಭೆಯನ್ನೇ ಎಬ್ಬಿಸಿದುದರಿಂದ ಅದು ಕಾಗದದಲ್ಲಿಯೇ ಉಳಿಯಿತು. 2010ರಲ್ಲಿ ಯುನೆಸ್ಕೋ ಸಂಸ್ಥೆ ಆ ಕಾಲುವೆಗಳ ವಲಯವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತೆಂಬುದನ್ನು ನೆನೆದರೆ, ಆ ಅಧಿಕಾರಿಯ ಹೆಸರು ಇಂದಿಗೂ ಊರಿನ ಹಾಸ್ಯಕ್ಕೆ ಏಕೆ ವಸ್ತುವಾಗಿದೆಯೆಂಬುದು ತಿಳಿಯುತ್ತದೆ.

1967ರಲ್ಲಿ ಡೇವಿಡ್ ಜೋಕಿನೆನ್ ಎಂಬ ಅಮೆರಿಕದ ತಜ್ಞರು ಇನ್ನೂ ಭಾರಿಯಾದ ನಕ್ಷೆಯನ್ನು ಮುಂದಿಟ್ಟರು. ಮೋಟಾರು ಪಕ್ಷದವರ ಬೆಂಬಲದಿಂದ ಸಿದ್ಧವಾದ ಆ ನಕ್ಷೆಯ ಪ್ರಕಾರ ಹಳೆಯ ವಸತಿ ಕೇರಿಗಳು ನೆಲಸಮವಾಗಿ, ಅಗಲವಾದ ಹೆದ್ದಾರಿಗಳು ನಗರದ ಒಡಲಿಗೇ ನುಗ್ಗಬೇಕಾಗಿತ್ತು. ಅದೂ ಕೈಗೂಡಲಿಲ್ಲ. ಆದರೆ ಇಡೀ ನಕ್ಷೆ ಕೈಗೂಡದಿದ್ದರೂ ತುಂಡು ತುಂಡಾಗಿ ಅದರ ಮನೋಭಾವ ಕೆಲಸ ಮಾಡುತ್ತಲೇ ಇತ್ತು. ಸೈಕಲ್ಲಿನ ಹಾದಿಗಳು ಕಾರು ನಿಲ್ಲಿಸುವ ತಾಣಗಳಾದವು. ಚೌಕಗಳು ಕಾರಿನ ಕೊಟ್ಟಿಗೆಗಳಾದವು.

ಈ ನಡುವೆ ಪ್ರೋವೊ ಎಂಬ ತುಂಟ ತರುಣರ ಗುಂಪೊಂದು ಹುಟ್ಟಿಕೊಂಡಿತು. 1965ರಲ್ಲಿ ಆ ಗುಂಪಿನ ಲೂಡ್ ಸ್ಕಿಮ್ಮೆಲ್‌ಪೆನ್ನಿಂಕ್ ‘ಬಿಳಿಯ ಸೈಕಲ್ಲಿನ ಯೋಜನೆ’ಯನ್ನು ಸಾರಿದರು. ನಗರದ ನಡುಭಾಗದಲ್ಲಿ ಕಾರು ಬೇಡ. ಸೈಕಲ್ಲಿಗೆ ಬಿಳಿಯ ಬಣ್ಣ ಬಳಿದು, ಬೀಗ ಹಾಕದೆ ಬೀದಿಯಲ್ಲಿ ಬಿಡುವುದು. ಬೇಕಾದವರು ಏರಿ, ಬೇಕಾದಲ್ಲಿ ಇಳಿದು, ಮುಂದಿನವರಿಗೆ ಬಿಟ್ಟುಹೋಗುವುದು. ಒಡನೆಯೇ ಪೋಲೀಸಿನವರು ಅವುಗಳನ್ನು ಹೊತ್ತುಕೊಂಡು ಹೋದರು: ಬೀಗ ಹಾಕದ ಸೈಕಲ್ಲನ್ನು ಬೀದಿಯಲ್ಲಿ ಬಿಡುವುದು ಕಳ್ಳತನಕ್ಕೆ ಆಮಿಷ ಒಡ್ಡಿದಂತೆ, ಅದು ನಿಯಮಕ್ಕೆ ವಿರುದ್ಧ! ತರುಣರು ಸುಮ್ಮನಾಗಲಿಲ್ಲ. ಅಂಕೆಗಳನ್ನು ತಿರುಗಿಸಿ ತೆರೆಯುವ ಬೀಗಗಳನ್ನು ತಂದು ಹಾಕಿದರು. ಹಾಕಿ, ಆ ಗುಟ್ಟಿನ ಅಂಕೆಗಳನ್ನು ಸೈಕಲ್ಲಿನ ಮೇಲೆಯೇ ದಪ್ಪ ಅಕ್ಷರದಲ್ಲಿ ಬರೆದರು. ಯೋಜನೆ ಬಾಳಲಿಲ್ಲ. ಆದರೆ ಇಂದು ಲೋಕದ ಅನೇಕ ನಗರಗಳಲ್ಲಿ, 2017ರಿಂದೀಚೆಗೆ ಮೈಸೂರಿನಲ್ಲಿಯೂ, ಬಳಕೆಗೆ ಬಂದ ಸಾರ್ವಜನಿಕ ಸೈಕಲ್ಲುಗಳ ಮೂಲಪುರುಷ ಯಾರೆಂದು ಕೇಳಿದರೆ ಬೆರಳು ಆ ಬಿಳಿಯ ಸೈಕಲ್ಲಿನ ಕಡೆಗೆ ಹೋಗುತ್ತದೆ.

ರೆಂಬ್ರಾಂಟ್ ಚಿತ್ರಕಾರನು ವಾಸವಾಗಿದ್ದ ಮನೆಯನ್ನು ನೋಡಲು ಹೋಗುವವರು ಅಲ್ಲಿಂದ ನ್ಯೂಮಾರ್ಕ್ಟ್ ಚೌಕದ ಕಡೆಗೆ ನಾಲ್ಕು ಹೆಜ್ಜೆ ನಡೆದು ನೋಡಬೇಕು. ಮನೆಯ ಮುಂದಿನ ಬೀದಿ ವಿಶಾಲವಾಗಿದೆ. ಸೇತುವೆ ದಾಟಿದ ಕೂಡಲೇ ಬೀದಿ ಇದ್ದಕ್ಕಿದ್ದಂತೆ ಇಕ್ಕಟ್ಟಾಗುತ್ತದೆ. ಆ ಇಕ್ಕಟ್ಟಿನಲ್ಲಿ ಒಂದು ಕಥೆಯಿದೆ. ಭೂಗರ್ಭ ರೈಲಿನ ನೆಪದಲ್ಲಿ ಆ ಕೇರಿಯ ಮನೆಗಳನ್ನು ಕೆಡವಿ, ಮೇಲೆ ಅಗಲವಾದ ಮೋಟಾರು ರಸ್ತೆಯನ್ನು ಹಾಯಿಸಬೇಕೆಂದು ನಗರಸಭೆ ಯೋಚಿಸಿತ್ತು. 1975ರ ಮಾರ್ಚಿಯಲ್ಲಿ ಅಲ್ಲಿ ನಿವಾಸಿಗಳಿಗೂ ಪೋಲೀಸರಿಗೂ ಘೋರವಾದ ಕಾದಾಟವೇ ನಡೆಯಿತು. ರೈಲು ಬಂದಿತು, ರಸ್ತೆ ಬರಲಿಲ್ಲ. ಕೆಡವಬೇಕೆಂದಿದ್ದ ಹದಿನೇಳನೆಯ ಶತಮಾನದ ಪಿಂಟೋ ಮನೆ ಇಂದಿಗೂ ಬೀದಿಗೆ ಮೂಗು ಚಾಚಿಕೊಂಡು ನಿಂತಿದೆ. ಹೆದ್ದಾರಿಯೊಂದು ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗಿದ ಜಾಗವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಊರು ಇನ್ನೊಂದಿರಲಾರದು.

ಮಕ್ಕಳ ಮೊರೆ

ಕಟ್ಟಡಗಳಿಗಾಗಿ ಜನ ಹೋರಾಡಿದ್ದು ದೊಡ್ಡ ಮಾತೇ. ಆದರೆ ಸೈಕಲ್ಲಿಗೂ ಕಾರಿಗೂ ನಡೆದ ವಾದದಲ್ಲಿ ದೇಶದ ಮನಸ್ಸನ್ನು ತಿರುಗಿಸಿದ್ದು ಬೇರೆಯ ಸಂಗತಿ. 1971ರ ಒಂದೇ ವರ್ಷದಲ್ಲಿ ಹಾಲೆಂಡಿನ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಗ ಆ ದೇಶದ ಜನಸಂಖ್ಯೆ ಒಂದು ಕೋಟಿ ಮೂವತ್ತು ಲಕ್ಷ ಮಾತ್ರ. ಸತ್ತವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಶಾಲೆಗೆ ಹೊರಟವರು, ಆಟಕ್ಕೆ ಹೊರಟವರು, ಅಂಗಡಿಗೆ ಹೋಗಿ ರೊಟ್ಟಿ ತರಲು ಹೊರಟವರು.

ವಿಕ್ ಲಾಂಗೆನ್‌ಹಾಫ್ ಎಂಬವರು ‘ಡೆ ಟೈಡ್’ ಎಂಬ ದಿನಪತ್ರಿಕೆಯಲ್ಲಿ ಬರಹಗಾರರಾಗಿದ್ದರು. 1971ರಲ್ಲಿ ಅವರ ಪುಟ್ಟ ಮಗಳು ರಸ್ತೆಯ ಅಪಘಾತದಲ್ಲಿ ತೀರಿಕೊಂಡಳು. ಮರುವರ್ಷ ಅವರು ತಮ್ಮ ಪತ್ರಿಕೆಯಲ್ಲಿ ಒಂದು ಲೇಖನವನ್ನು ಬರೆದರು. ಅದರ ತಲೆಬರಹವನ್ನು ಕನ್ನಡಿಸಿದರೆ ‘ಮಕ್ಕಳ ಕೊಲೆಯನ್ನು ನಿಲ್ಲಿಸಿ’ ಎಂದಾಗುತ್ತದೆ. ಅಪಘಾತವೆಂಬ ಪದದಲ್ಲಿ ಯಾರ ಹೊಣೆಯೂ ಇಲ್ಲ. ಮಳೆ ಬಂದಂತೆ, ಸಿಡಿಲು ಬಡಿದಂತೆ ಅದೂ ಬರುತ್ತದೆ. ಕೊಲೆಯೆಂಬ ಪದ ಹಾಗಲ್ಲ. ಮಗಳನ್ನು ಕಳೆದುಕೊಂಡ ತಂದೆ ಆ ಪದವನ್ನು ಅಳೆದು ತೂಗಿಯೇ ಇಟ್ಟಿರಬೇಕು. ಓದಿದವರಿಗೆ ಅದು ಚುಚ್ಚಿತು. ಅದೇ ಹೆಸರಿನ ಒಂದು ಸಂಘ ಹುಟ್ಟಿಕೊಂಡಿತು. ಅದರ ಮೊದಲ ಅಧ್ಯಕ್ಷೆ ಮಾರ್ತ್ಯೆ ಫಾನ್ ಪುಟ್ಟೆನ್ ಎಂಬ ತರುಣಿ; ಮುಂದೆ ಯೂರೋಪಿನ ಸಂಸತ್ತಿಗೆ ಸದಸ್ಯೆಯಾಗಿ ಹೋದವರು. ಸಂಘದವರು ಅಪಾಯದ ಬೀದಿಗಳನ್ನು ಅಡ್ಡಗಟ್ಟಿ, ಅಲ್ಲಿಯೇ ಮೇಜು ಹಾಕಿ, ಊಟ ಬಡಿಸಿ, ಮಕ್ಕಳನ್ನು ಆಡಗೊಟ್ಟರು. ಮಕ್ಕಳೊಡನೆ ಸೈಕಲ್ಲೇರಿ ಪ್ರಧಾನಿ ಯೋಪ್ ಡೆನ್ ಔಲ್ ಅವರ ಮನೆಯ ಮುಂದೆ ಹೋಗಿ ನಿಂತು ಹಾಡು ಹೇಳಿದರು. ಪ್ರಧಾನಿಗಳು ಹೊರಗೆ ಬಂದು ಆಲಿಸಿದರು. ಹಾಗೆ ಆಲಿಸಿದ ಸರ್ಕಾರವೇ ಕಡೆಗೆ ಆ ಸಂಘಕ್ಕೆ ಸಹಾಯಧನವನ್ನೂ ಕೊಟ್ಟಿತೆಂಬುದು ಆ ದೇಶದ ರಾಜಕಾರಣದ ಒಂದು ವಿಚಿತ್ರ.

ಅದೇ 1972ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಡೆ ಪೈಪ್ ಎಂಬ ಕೇರಿಯ ಶಾಲಾಮಕ್ಕಳನ್ನು ಕುರಿತು ದೂರದರ್ಶನದವರು ಒಂದು ಚಿತ್ರವನ್ನು ತೆಗೆದರು. ಆ ಕೇರಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೆಲಸಗಾರರಿಗಾಗಿ ಎಬ್ಬಿಸಿದ ವಠಾರಗಳ ಸಾಲು. ಮನೆಗೆ ಅಂಗಳವಿಲ್ಲ, ಬೀದಿಗೆ ಮರವಿಲ್ಲ, ಬೀದಿಯ ಎರಡು ಕಡೆಗೂ ಕಾರುಗಳ ಗೋಡೆ. ಮಕ್ಕಳು ಮನೆಮನೆಗೆ ಹೋಗಿ ಸಹಿ ಸಂಗ್ರಹಿಸಿದರು. ತಮಗೆ ಆಡಲು ಒಂದು ಬೀದಿ ಬೇಕೆಂದು ಕೇಳಿದರು. ಕಡೆಗೆ ತಾವೇ ಬೀದಿಗೆ ಅಡ್ಡಗಟ್ಟೆ ಇಟ್ಟರು. ಹತ್ತು ಹನ್ನೊಂದು ವರ್ಷದ ಹುಡುಗರ ಮುಂದೆ ಸಿಟ್ಟಿನಿಂದ ಕೆಂಪಾದ ದೊಡ್ಡವರ ಮುಖಗಳನ್ನು ಆ ಚಿತ್ರದಲ್ಲಿ ಈಗಲೂ ಕಾಣಬಹುದು. ಕಾರಿನಲ್ಲಿ ಕುಳಿತಾಗ ಸಜ್ಜನರೂ ಹೇಗೆ ಬೇರೆ ಪ್ರಾಣಿಗಳಾಗುತ್ತಾರೆಂಬುದಕ್ಕೆ ಬೇರೆ ದೃಷ್ಟಾಂತ ಬೇಕಾಗಿಲ್ಲ. ಆ ಕೇರಿಯ ಕೆಲವು ಬೀದಿಗಳಲ್ಲಿ ಇಂದು ಮರಗಳಿವೆ, ಕುಳಿತುಕೊಳ್ಳಲು ಬೆಂಚುಗಳಿವೆ.

ದೈವವೂ ಈ ಪಕ್ಷಕ್ಕೆ ಒಂದಿಷ್ಟು ನೆರವಾಯಿತೆನ್ನಬೇಕು. 1973ರಲ್ಲಿ ಅರಬ್ ದೇಶಗಳು ಹಾಲೆಂಡಿಗೆ ಎಣ್ಣೆಯನ್ನು ನಿಲ್ಲಿಸಿದುವು. ನವೆಂಬರ್ 4ನೆಯ ತಾರೀಖಿನಿಂದ ಮೊದಲ್ಗೊಂಡು ಮುಂದಿನ ಜನವರಿಯ ಆರಂಭದವರೆಗೆ ಭಾನುವಾರಗಳಂದು ಕಾರು ಓಡಿಸಕೂಡದೆಂದು ಸರ್ಕಾರ ವಿಧಿಸಿತು. ಹೆದ್ದಾರಿಗಳ ಮೇಲೆ ಜನ ಸೈಕಲ್ ಸವಾರಿ ಮಾಡಿದರು, ಕುದುರೆ ಏರಿದರು, ಚಕ್ರದ ಪಾದರಕ್ಷೆ ಕಟ್ಟಿಕೊಂಡು ಜಾರಿದರು. ಕಾರಿಲ್ಲದ ಬೀದಿ ಹೇಗಿರುತ್ತದೆಂದು ಎಷ್ಟು ಲೇಖನ ಬರೆದರೂ ತಿಳಿಯದ ಸಂಗತಿಯನ್ನು ಆ ಭಾನುವಾರಗಳು ಕಿವಿಗೆ ತಿಳಿಸಿದುವು. ಆ ನಿಶ್ಶಬ್ದವನ್ನು ಕಂಡು ಬೆಳೆದ ತಲೆಮಾರು ಅದನ್ನು ಮರೆಯಲಿಲ್ಲ.

ಹೆಸರು ಸೈಕಲ್ಲಿನದು, ಕೆಲಸ ಕಾರಿನದು

ಈ ಜಗಳದಲ್ಲಿ ನಗು ಬರಿಸುವ ಪ್ರಸಂಗಗಳೂ ಇಲ್ಲದಿಲ್ಲ. ಹಾಲೆಂಡಿನಲ್ಲಿ 1883ರಲ್ಲಿ ಸ್ಥಾಪನೆಯಾದ ಒಂದು ಸೈಕಲ್ ಸವಾರರ ಸಂಘವಿದೆ; ಅದರ ಅಕ್ಷರಗಳು ಎ.ಎನ್.ಡಬ್ಲ್ಯು.ಬಿ. ಕಾಲಕ್ರಮದಲ್ಲಿ ಅದರ ಸದಸ್ಯರು ಒಬ್ಬೊಬ್ಬರಾಗಿ ಸೈಕಲ್ಲಿನಿಂದ ಇಳಿದು ಕಾರಿಗೆ ಏರಿದರು. ಸಂಘವೂ ಅವರ ಹಿಂದೆಯೇ ಏರಿತು. ಹೆಸರಿನಲ್ಲಿ ಸೈಕಲ್ಲು ಹಾಗೆಯೇ ಉಳಿಯಿತು. ಕೆಲಸ ಮಾತ್ರ ಕೆಟ್ಟುನಿಂತ ಕಾರುಗಳನ್ನು ದುರಸ್ತಿಮಾಡುವುದು, ಮೋಟಾರಿನವರ ಪರವಾಗಿ ವಾದಿಸುವುದು. 1975ರಲ್ಲಿ ಸೈಕಲ್ಲಿನ ಪಕ್ಷದವರು ಬೇರೊಂದು ಸಂಘ ಕಟ್ಟಿ, ಅದಕ್ಕೆ ‘ಏಕಮೇವ ಅಸಲು ಡಚ್ ಸೈಕಲ್ ಸವಾರರ ಸಂಘ’ ಎಂಬರ್ಥದ ಹೆಸರಿಟ್ಟರು. ಹಳೆಯ ಸಂಘಕ್ಕೆ ಚುರುಕು ಮುಟ್ಟಿ ನ್ಯಾಯಾಲಯಕ್ಕೆ ಹೋಯಿತು. ಹೊಸಬರು ಹೆಸರು ಬದಲಾಯಿಸಬೇಕಾಯಿತು; ಇಂದು ಅದು ಫೀಟ್ಸರ್ಸ್‌ಬಾಂಡ್ ಎಂದು ಪ್ರಸಿದ್ಧವಾಗಿದೆ.

ಹೆಸರಿನಲ್ಲಿ ಸೋತವರು ಬೀದಿಯಲ್ಲಿ ಸೋಲಲಿಲ್ಲ. ನಗರಸಭೆ ಸೈಕಲ್ಲಿಗೆ ಹಾದಿ ಕೊಡುವುದಿಲ್ಲವೆಂದಾಗ ಅವರು ರಾತ್ರಿಯ ವೇಳೆ ಬಣ್ಣದ ಡಬ್ಬಿಗಳೊಡನೆ ಹೊರಟು ತಾವೇ ಬೀದಿಗೆ ಗೆರೆ ಎಳೆದರು. ಪೋಲೀಸರ ಕೈಗೂ ಸಿಕ್ಕಿದರು. ಮ್ಯೂಸಿಯಂ ಚೌಕದ ಹಸುರಿನಲ್ಲಿ ಸಾವಿರಾರು ಜನ ಸೈಕಲ್ಲುಗಳೊಡನೆ ಸತ್ತವರಂತೆ ಮಲಗಿ ಪ್ರತಿಭಟಿಸಿದ 1970ರ ದಶಕದ ಚಿತ್ರಗಳು ಇನ್ನೂ ಇವೆ. 1978ರ ನಗರಸಭೆಯ ಚುನಾವಣೆಯ ತರುವಾಯ ಅಧಿಕಾರದಲ್ಲಿದ್ದವರ ಧೋರಣೆ ಬದಲಾಯಿತು. ಇತ್ತ ಡೆಲ್ಫ್ಟ್ ಎಂಬ ಊರಿನಲ್ಲಿ ವಾಸದ ಬೀದಿಗಳನ್ನು ಕಾರಿನ ಕೈಯಿಂದ ಬಿಡಿಸಿ ಮರ, ತಿರುವು, ಉಬ್ಬುಗಳಿಂದ ಅಂಗಳದಂತೆ ಮಾಡಿದ ಪ್ರಯೋಗ ಯಶಸ್ವಿಯಾಗಿ, 1976ರಲ್ಲಿ ಕಾನೂನಿನಲ್ಲಿಯೇ ಅದಕ್ಕೆ ಸ್ಥಾನ ದೊರೆಯಿತು. ಅಂಥ ಬೀದಿಯಲ್ಲಿ ಕಾರು ಮನುಷ್ಯನ ನಡಿಗೆಯ ವೇಗವನ್ನು ಮೀರಕೂಡದು.

ಕಾನೂನಿನ ಮಾತು ಬಂದುದರಿಂದ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಹಾಲೆಂಡಿನಲ್ಲಿ ಸೈಕಲ್ಲಿಗೂ ಕಾರಿಗೂ ಡಿಕ್ಕಿಯಾದರೆ ಯಾವಾಗಲೂ ಕಾರಿನವನೇ ಅಪರಾಧಿಯೆಂದು ಪ್ರವಾಸಿಗರು ಹೇಳುವುದುಂಟು. ಅಪರಾಧದ ವಿಚಾರ ಬೇರೆ. ಇದು ನಷ್ಟಭರ್ತಿಯ ವಿಚಾರ. ತನ್ನಿಂದ ಸ್ವಲ್ಪವೂ ತಪ್ಪಿಸಲಾಗದ ಘಟನೆಯೆಂದು ಸಾಧಿಸದ ಹೊರತು ಮೋಟಾರಿನವನು ನಷ್ಟದ ಕನಿಷ್ಠ ಅರ್ಧಭಾಗವನ್ನಾದರೂ ತೆರಬೇಕು. ಎದುರಿಗಿದ್ದವರು 14 ವರ್ಷಕ್ಕಿಂತ ಕಿರಿಯರಾದರೆ ಬಹುಮಟ್ಟಿಗೆ ಪೂರ್ತಿಯಾಗಿ ತೆರಬೇಕು. ಒಂದು ಟನ್ನಿನ ಕಬ್ಬಿಣವನ್ನು ಬೀದಿಗೆ ತಂದವನು ಅದರ ಹೊಣೆಯನ್ನೂ ಜೊತೆಗೆ ತಂದಿರಬೇಕೆಂಬ ಸರಳವಾದ ನ್ಯಾಯ ಇದು. ಇನ್ನೊಂದು ವಿಚಾರದಲ್ಲಿ ಮಾತ್ರ ಡಚ್ಚರು ಅಚ್ಚರಿಯಾಗುವಷ್ಟು ನಿಧಾನಿಸಿದರು. ದಾರಿಗಳು ಕೂಡುವಲ್ಲಿ ಬಲಗಡೆಯಿಂದ ಬಂದವರಿಗೆ ಮೊದಲ ಹಕ್ಕು ಎಂಬ ನಿಯಮ ಅಲ್ಲಿ ಹಳೆಯದು. ಆದರೆ ಬಲಗಡೆಯಿಂದ ಬಂದವರು ಸೈಕಲ್ಲಿನಲ್ಲಿದ್ದರೆ ಮೋಟಾರಿಗೆ ದಾರಿ ಬಿಡಬೇಕಾಗಿತ್ತು! ಈ ತಾರತಮ್ಯ ಅಳಿದದ್ದು 2001ರ ಮೇ 1ರಂದು. ಸೈಕಲ್ಲಿನ ಸ್ವರ್ಗವೆಂದು ಲೋಕವೆಲ್ಲ ಹೊಗಳುತ್ತಿದ್ದ ದೇಶದಲ್ಲಿ ಇಪ್ಪತ್ತನೆಯ ಶತಮಾನ ಮುಗಿಯುವವರೆಗೂ ಸೈಕಲ್ಲು ಎರಡನೆಯ ದರ್ಜೆಯ ಪ್ರಜೆಯಾಗಿಯೇ ಇತ್ತು.

ಸರ್ಫಾಟಿ ಎಂಬ ಬೀದಿಯಲ್ಲಿ ಇಂದು ನಿಂತು ನೋಡಿದರೆ ಈ ಕಥೆಯೆಲ್ಲ ಕಟ್ಟುಕಥೆಯೆನಿಸಬಹುದು. ಗೋಡೆಯಿಂದ ಗೋಡೆಗೆ ಎನ್ನುವಂತೆ ಕೆಂಪು ಡಾಂಬರು. 2016ರಲ್ಲಿ ಪ್ರಯೋಗಕ್ಕೆಂದು ಆರಂಭಿಸಿ ಅನಂತರ ಸ್ಥಿರಪಡಿಸಿದ ವ್ಯವಸ್ಥೆ ಅದು. ಬೀದಿಯ ಬಾಯಲ್ಲಿ ಒಂದು ನೀಲಿ ಫಲಕ. ಅದರಲ್ಲಿ ಮುಂದೆ ದೊಡ್ಡ ಸೈಕಲ್ಲು, ಹಿಂದೆ ಸಣ್ಣ ಕಾರು. ಕೆಳಗೆ ‘ಸೈಕಲ್ ಬೀದಿ: ಕಾರು ಅತಿಥಿ’ ಎಂಬರ್ಥದ ಮಾತು. ಅತಿಥಿಯೆಂದ ಮೇಲೆ ಹೊರಗೆ ಹಾಕುವಂತಿಲ್ಲ. ಅತಿಥಿಯೂ ಮನೆಯ ಯಜಮಾನನಂತೆ ಕೂಗಾಡುವಂತಿಲ್ಲ. ಸೈಕಲ್ಲುಗಳ ಹಿಂದೆ ಕಾರು ಮೆಲ್ಲಗೆ ಸಾಗುತ್ತದೆ, ಮದುವೆಯ ಮೆರವಣಿಗೆಯ ಹಿಂದೆ ಸಿಕ್ಕಿಕೊಂಡ ಬಸ್ಸಿನಂತೆ. ಸಮೀಪದ ಅಲೆಕ್ಸಾಂಡರ್ ಚೌಕದಲ್ಲಿ ಅದೇ ವರ್ಷ ಸಂಚಾರದ ದೀಪಗಳನ್ನು ಆರಿಸಿ ನೋಡಿದರು. ಕಾರು, ಟ್ರಾಮು, ಸೈಕಲ್ಲು, ಪಾದಚಾರಿ ಎಲ್ಲರೂ ಅಲ್ಲಿ ಕೂಡುತ್ತಾರೆ. ದೀಪವಿಲ್ಲದಾಗ ಜನ ಒಬ್ಬರ ಮುಖವನ್ನು ಒಬ್ಬರು ನೋಡಿಕೊಂಡು, ಒಂದು ಕೈಸನ್ನೆ, ಒಂದು ತಲೆಯಾಟದಿಂದ ದಾರಿಯನ್ನು ಇತ್ಯರ್ಥಪಡಿಸಿಕೊಂಡರು. ದೀಪಗಳು ಮತ್ತೆ ಹೊತ್ತಲಿಲ್ಲ.

ಚಿತ್ರಶಾಲೆಯ ಹೊಟ್ಟೆಯಲ್ಲಿ ಹಾದಿ

ಈ ಊರಿನಲ್ಲಿ ಸೈಕಲ್ಲಿನವರ ಹಟವನ್ನು ಕಣ್ಣಾರೆ ಕಾಣಬೇಕೆಂದರೆ ರೈಕ್ಸ್ ಮ್ಯೂಸಿಯಂ ಎಂಬ ರಾಷ್ಟ್ರೀಯ ಚಿತ್ರಶಾಲೆಗೆ ಹೋಗಬೇಕು. ಕೇಂದ್ರ ರೈಲು ನಿಲ್ದಾಣದ ಶಿಲ್ಪಿಯಾದ ಪಿಯರ್ ಕೌಪರ್ಸ್ ಅವರೇ ಇದನ್ನೂ ಕಟ್ಟಿದವರು, 1885ರಲ್ಲಿ ತೆರೆಯಿತು. ಹಳೆಯ ಊರಿಗೂ ದಕ್ಷಿಣದ ಹೊಸ ಬಡಾವಣೆಗೂ ನಡುವೆ ಕಟ್ಟಡ ಅಡ್ಡ ನಿಂತುದರಿಂದ, ಅದರ ಹೊಟ್ಟೆಯಲ್ಲಿಯೇ ಕಮಾನಿನ ಒಂದು ಹಾದಿಯನ್ನು ಬಿಟ್ಟರು. ಆ ಹಾದಿಯ ಮೇಲಿನ ಅಂತಸ್ತಿನಲ್ಲಿ ರೆಂಬ್ರಾಂಟನ ಜಗದ್ವಿಖ್ಯಾತವಾದ ‘ರಾತ್ರಿಯ ಕಾವಲು’ ಚಿತ್ರ ತೂಗಿದೆ. ಕೆಳಗೆ ಗಂಟೆ ಬಾರಿಸುತ್ತ ಸೈಕಲ್ಲುಗಳು ಹರಿಯುತ್ತವೆ.

2003ರಲ್ಲಿ ಜೀರ್ಣೋದ್ಧಾರಕ್ಕಾಗಿ ಕಟ್ಟಡವನ್ನು ಮುಚ್ಚಿದರು. ಕ್ರೂಸ್ ಮತ್ತು ಓರ್ಟಿಸ್ ಎಂಬ ಸ್ಪೇನಿನ ಶಿಲ್ಪಿಗಳು ಆ ಹಾದಿಯಲ್ಲಿಯೇ ಭವ್ಯವಾದ ಮಹಾದ್ವಾರವನ್ನು ಕಲ್ಪಿಸಿದರು. ಸೈಕಲ್ಲಿಗೆ ಅಂಚಿನಲ್ಲಿ ಇಕ್ಕಟ್ಟಾದ ದಾರಿ ಮಾತ್ರ ಉಳಿಯುವಂತಿತ್ತು. ಸೈಕಲ್ ಸಂಘದವರು ಎದ್ದು ನಿಂತರು. ನೂರು ವರ್ಷಗಳಿಂದ ಊರಿನ ಮಕ್ಕಳು ಶಾಲೆಗೆ ಹೋಗುವ ದಾರಿ ಇದು, ಚಿತ್ರಶಾಲೆ ದಾರಿಯ ಮೇಲೆ ನಿಂತಿದೆಯೇ ಹೊರತು ದಾರಿ ಚಿತ್ರಶಾಲೆಯೊಳಗೆ ನುಗ್ಗಿದ್ದಲ್ಲವೆಂದು ಅವರ ವಾದ. ಲಕ್ಷಗಟ್ಟಲೆ ಪ್ರೇಕ್ಷಕರು ಬರುವ ಬಾಗಿಲಲ್ಲಿ ಸೈಕಲ್ಲು ನುಗ್ಗಿದರೆ ಅವಘಡವಾಗುತ್ತದೆಂದು ನಿರ್ದೇಶಕರಾದ ವಿಮ್ ಪೈಬೆಸ್ ಅವರ ವಾದ. ಅವರ ಭಯವನ್ನು ನಿರಾಧಾರವೆನ್ನುವಂತಿಲ್ಲ. ಆದರೂ ನಗರಸಭೆ ಸೈಕಲ್ಲಿನ ಕಡೆಗೆ ವಾಲಿತು. ಕೆಲವೇ ವರ್ಷಗಳಲ್ಲಿ ಮುಗಿಯಬೇಕಾಗಿದ್ದ ಕಾರ್ಯ ಹತ್ತು ವರ್ಷಕ್ಕೆ ಬೆಳೆದುದಕ್ಕೆ ಈ ವ್ಯಾಜ್ಯವೂ ಒಂದು ಕಾರಣ. 2013ರ ಏಪ್ರಿಲ್ 13ರಂದು, ಸಿಂಹಾಸನ ತ್ಯಜಿಸುವುದಕ್ಕೆ ಎರಡು ವಾರ ಮುಂಚೆ, ರಾಣಿ ಬೀಯಾಟ್ರಿಕ್ಸ್ ಚಿತ್ರಶಾಲೆಯನ್ನು ಮತ್ತೆ ತೆರೆದರು. ಮೇ ತಿಂಗಳಲ್ಲಿ ಹಾದಿಯೂ ತೆರೆಯಿತು. ಈಗ ನಡುವೆ ಸೈಕಲ್ಲು, ಎರಡು ಮಗ್ಗುಲಲ್ಲಿ ಪಾದಚಾರಿಗಳು, ಗಾಜಿನ ಗೋಡೆಯಾಚೆ ಚಿತ್ರಶಾಲೆಯ ಅಂಗಳ, ಕಮಾನಿನ ಕೆಳಗೆ ಪಿಟೀಲು ನುಡಿಸುವ ಬೀದಿಯ ಸಂಗೀತಗಾರರು. ಕಲ್ಲಿನ ಕಮಾನಿನಲ್ಲಿ ನಾದವೂ ಗಂಟೆಯ ಸದ್ದೂ ಬೆರೆತು ಕೇಳಿಸುವುದನ್ನು ಅನುಭವಿಸಿದವರು ಆ ಜಗಳ ನಡೆದುದೇ ಒಳ್ಳೆಯದಾಯಿತೆಂದುಕೊಳ್ಳುತ್ತಾರೆ.

ಹಾಗೆಂದು ಕಲಹ ಮುಗಿದಿದೆಯೆಂದು ತಿಳಿಯಬಾರದು. ಕಕ್ಷಿದಾರರು ಮಾತ್ರ ಬದಲಾಗಿದ್ದಾರೆ. ಕಾರಿನಿಂದ ಬಿಡಿಸಿಕೊಂಡ ಕೆಂಪು ಹಾದಿಗೆ ಯಂತ್ರದ ಸ್ಕೂಟರುಗಳು ಬಂದುವು. ಗಂಟೆಗೆ 25 ಕಿಲೋಮೀಟರ್ ಮಿತಿಯುಳ್ಳ ಈ ಲಘು ಸ್ಕೂಟರುಗಳ ಸವಾರರು ಮಿತಿಯನ್ನು ಮೀರುತ್ತಿದ್ದುದೇ ಹೆಚ್ಚು, ಹೊಗೆ ಬೇರೆ. 2019ರ ಏಪ್ರಿಲ್ 8ರಂದು ಆಮ್‌ಸ್ಟರ್‌ಡ್ಯಾಮ್ ನಗರಸಭೆ ಅವುಗಳನ್ನು ವರ್ತುಲ ಹೆದ್ದಾರಿಯ ಒಳಗಿನ ಬಹುತೇಕ ಬೀದಿಗಳಲ್ಲಿ ಕಾರಿನ ದಾರಿಗೆ ಅಟ್ಟಿತು. ಆ ಬಳಿಕ ವಿದ್ಯುತ್ತಿನ ಸೈಕಲ್ಲುಗಳು, ದಪ್ಪ ಟಯರಿನ ಸೈಕಲ್ಲುಗಳು ಬಂದುವು. ಹದಿಮೂರು ಹದಿನಾಲ್ಕರ ಹುಡುಗರು ಪೆಡಲು ತುಳಿಯದೆ ಅವುಗಳ ಮೇಲೆ ಹಾರುವುದನ್ನು ಕಂಡು, ಒಂದು ಕಾಲಕ್ಕೆ ಕಾರಿನವರನ್ನು ಬೈದ ಅದೇ ಮುದುಕರು ಈಗ ಇವರನ್ನು ಬೈಯುತ್ತಾರೆ. ಪಾದಚಾರಿಗಳನ್ನು ಕೇಳಿದರೆ, ಆ ಊರಿನ ಅತ್ಯಂತ ಅಹಂಕಾರಿ ಜಾತಿ ಸೈಕಲ್ ಸವಾರರದೇ ಎನ್ನುತ್ತಾರೆ. ಹೇಳುವವರೂ ಮನೆಗೆ ಹೋಗುವುದು ಸೈಕಲ್ಲಿನಲ್ಲಿಯೇ. 2023ರ ಡಿಸೆಂಬರ್ 8ರಿಂದ ನಗರದ ಬಹುಪಾಲು ಬೀದಿಗಳಲ್ಲಿ ಕಾರಿನ ವೇಗದ ಮಿತಿಯನ್ನು 50ರಿಂದ 30 ಕಿಲೋಮೀಟರಿಗೆ ಇಳಿಸಿದರು. ಇದನ್ನು ಒಪ್ಪದವರೂ ಇದ್ದಾರೆ.

ಅಂಕೆಗಳನ್ನು ನೋಡಿದರೆ ಹರ್ಷಿಸಬೇಕೋ ಚಿಂತಿಸಬೇಕೋ ತಿಳಿಯದು. ಜನಸಂಖ್ಯೆ ಒಂದು ಕೋಟಿ ಎಂಬತ್ತು ಲಕ್ಷದ ಸಮೀಪಕ್ಕೆ ಬೆಳೆದ ಮೇಲೂ 2023ರಲ್ಲಿ ಆ ದೇಶದ ರಸ್ತೆಗಳಲ್ಲಿ ಸತ್ತವರು 684 ಮಂದಿ. 1971ರ ಸಂಖ್ಯೆಯೊಡನೆ ಹೋಲಿಸಿದರೆ ಇದು ದೊಡ್ಡ ಗೆಲುವು. ಆದರೆ ಅವರಲ್ಲಿ 270 ಮಂದಿ ಸೈಕಲ್ಲಿನವರು. ಕಾರಿನೊಳಗೆ ಸತ್ತವರಿಗಿಂತ ಹೆಚ್ಚು. ಹಲವರು ವಯಸ್ಸಾದವರು, ವಿದ್ಯುತ್ತಿನ ನೆರವಿನಿಂದ ತಮ್ಮ ಕಾಲಿನ ಶಕ್ತಿಗೆ ಮೀರಿದ ವೇಗದಲ್ಲಿ ಹೊರಟವರು. ಮಕ್ಕಳಿಗಾಗಿ ಹೂಡಿದ ಹೋರಾಟವನ್ನು ಅಜ್ಜ ಅಜ್ಜಿಯರಿಗಾಗಿ ಮತ್ತೊಮ್ಮೆ ಹೂಡಬೇಕಾಗಿ ಬಂದಿದೆ.

ಆಮ್‌ಸ್ಟರ್‌ಡ್ಯಾಮಿಗೆ ಅಂಟಿಕೊಂಡಂತೆ ದಕ್ಷಿಣಕ್ಕಿರುವ ಆಮ್‌ಸ್ಟಲ್‌ವೇನ್ ಎಂಬ ಊರಿನಲ್ಲಿ ಇಂದು ಭಾರತದ ಕುಟುಂಬಗಳು ಬಹಳವಾಗಿ ನೆಲೆಸಿವೆ; ಕನ್ನಡ ಮಾತನಾಡುವ ಮನೆಗಳೂ ಅವುಗಳಲ್ಲಿವೆ. ಅಲ್ಲಿಯ ತಾಯಂದಿರಿಗೆ ಎದುರಾಗುವ ಪರೀಕ್ಷೆಗಳಲ್ಲಿ ಒಂದು ಮಕ್ಕಳದು. ಹಾಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಹತ್ತು ಹನ್ನೊಂದನೆಯ ವಯಸ್ಸಿಗೆ ಸಂಚಾರದ ಪರೀಕ್ಷೆ ನಡೆಯುತ್ತದೆ: ಒಂದು ದಿನ ಕಾಗದದ ಮೇಲೆ, ಇನ್ನೊಂದು ದಿನ ನಿಜವಾದ ಬೀದಿಯಲ್ಲಿ. ಎದೆಯ ಮೇಲೆ ಅಂಕೆ ಬರೆದ ಅಂಗಿ ತೊಟ್ಟು, ತಾನೇ ತನ್ನ ಸೈಕಲ್ಲನ್ನು ಏರಿ, ಗುರುತು ಹಾಕಿದ ದಾರಿಯಲ್ಲಿ ಮಗು ಒಂಟಿಯಾಗಿ ಹೋಗಬೇಕು. ತಾಯಿ ಜೊತೆಗೆ ಬರುವಂತಿಲ್ಲ. ತಿರುವಿನಲ್ಲಿ ಕೈಯಲ್ಲಿ ಪಟ್ಟಿ ಹಿಡಿದು ನಿಂತ ಸ್ವಯಂಸೇವಕರು ನೋಡುತ್ತಿರುತ್ತಾರೆ: ಹಿಂದೆ ತಿರುಗಿ ನೋಡಿತೇ, ಕೈ ಚಾಚಿತೇ, ಬಲದಿಂದ ಬಂದವರಿಗೆ ದಾರಿ ಬಿಟ್ಟಿತೇ. ಮಗು ಎಡಗೈ ಚಾಚಿ ರಸ್ತೆಯ ನಡುವಿಗೆ ಸರಿಯುತ್ತದೆ. ಹಿಂದಿನ ಕಾರು ವೇಗವನ್ನು ತಗ್ಗಿಸುತ್ತದೆ. ಸ್ವಯಂಸೇವಕರು ಪಟ್ಟಿಯಲ್ಲಿ ಒಂದು ಗುರುತು ಹಾಕಿ, ಮುಂದಿನ ಅಂಕೆಯ ಮಗುವಿಗಾಗಿ ಬೀದಿಯ ಕೊನೆಯ ಕಡೆಗೆ ತಿರುಗುತ್ತಾರೆ.